ವ್ಯಕ್ತಿಸ್ವಾತಂತ್ರ್ಯದ ಪ್ರತಿಪಾದಕ ಡಾ. ಬಾಬಾಸಾಹೇಬ ಅಂಬೇಡಕರರು

ಅರಸನ ಆಜ್ಞೆಗಿಂತ ನೆರೆಹೊರೆಯವರ ಕಟ್ಟುಪಾಡು ಮನುಷ್ಯನನ್ನು ಹೆಚ್ಚು ಬಿಗಿಯಾಗಿ ಬಂಧಿಸಬಲ್ಲದು. ಈ ಸತ್ಯವನ್ನು ಸ್ವಾನುಭವದಿಂದ ಅರಿತು, ಆ ಬಂಧನದ ವಿರುದ್ಧ ಬಾಳಿನುದ್ದಕ್ಕೂ ಹೋರಾಡಿದವರು ಡಾ. ಭೀಮರಾವ ರಾಮಜಿ ಅಂಬೇಡಕರರು. ಅವರ ಎರಡು ಮಹತ್ಕಾರ್ಯಗಳು ನಾಸಿಕದಲ್ಲಿಯೂ, ಈಗ ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದಿನಲ್ಲಿಯೂ ನಡೆದವು.

ಅಂಬೇಡಕರರು 1891ನೆಯ ಇಸವಿಯ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮನು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಎಲ್ಲರಿಂದ ದೂರ ಕುಳಿತುಕೊಳ್ಳಬೇಕಾಗಿತ್ತು. ನೀರಡಿಸಿದರೆ ನಳವನ್ನು ಮುಟ್ಟುವಂತಿರಲಿಲ್ಲ. ಜವಾನನು ತಿರುಗಿಸಿದರೆ ಮಾತ್ರ ನೀರು. ಇದನ್ನು ವಿಧಿಸಿದ್ದು ಸಮಾಜದ ರೂಢಿಯೇ ಹೊರತು ಸರಕಾರದ ಕಾಯಿದೆಯಲ್ಲ.

ಬಡೋದೆಯ ಸಯಾಜಿರಾವ ಮಹಾರಾಜರ ನೆರವಿನಿಂದ ಅವರು 1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯ ಗುರುಗಳಾದ ಜಾನ್ ಡ್ಯೂಯಿಯವರ ವಿಚಾರಗಳು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ಪ್ರಜಾಪ್ರಭುತ್ವವು ಬರಿಯ ರಾಜ್ಯಪದ್ಧತಿಯಲ್ಲ, ಜನರು ಪರಸ್ಪರ ಗೌರವದಿಂದ ಕೂಡಿ ಬಾಳುವ ರೀತಿ ಎಂಬುದು ಅವರ ನಂಬಿಕೆಯಾಯಿತು.

1930ರ ಮಾರ್ಚ್ 2ರಂದು ನಾಸಿಕದ ಪಂಚವಟಿಯಲ್ಲಿ ಕಾಳಾರಾಮ ಮಂದಿರದ ಸತ್ಯಾಗ್ರಹವು ಅವರ ನೇತೃತ್ವದಲ್ಲಿ ಆರಂಭವಾಯಿತು. ಸಹಸ್ರಾರು ಜನರು ಶಾಂತರಾಗಿ ಬಾಗಿಲಿಗೆ ಬಂದರು, ಬಾಗಿಲು ಮುಚ್ಚಿತು. ದಾದಾಸಾಹೇಬ ಗಾಯಕವಾಡರು ಈ ಚಳವಳಿಯನ್ನು ವರ್ಷಗಳ ಕಾಲ ನಡೆಯಿಸಿದರೂ ಬಾಗಿಲು ತೆರೆಯಲಿಲ್ಲ. ಗುಡಿಯ ಪ್ರವೇಶವೇ ಪರಮಗುರಿಯಲ್ಲ, ವಿದ್ಯೆಯೂ ರಾಜಕೀಯ ಶಕ್ತಿಯೂ ಮುಖ್ಯವೆಂದು 1934ರಲ್ಲಿ ಅಂಬೇಡಕರರು ಗಾಯಕವಾಡರಿಗೆ ಬರೆದರು. ಮರುವರ್ಷ ಅದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು.

ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ ಅವರು ಅಧ್ಯಕ್ಷರಾದರು. ಹಳ್ಳಿಯನ್ನೇ ರಾಜ್ಯದ ಮೂಲಘಟಕವನ್ನಾಗಿ ಮಾಡಬೇಕೆಂದು ಹಲವರು ಬಯಸಿದ್ದರು. ಆದರೆ ಹಳ್ಳಿಯ ಕಟ್ಟಿನಲ್ಲಿ ನೊಂದವರ ಸ್ಥಿತಿಯನ್ನು ಬಲ್ಲ ಅಂಬೇಡಕರರು, ವ್ಯಕ್ತಿಯೇ ಮೂಲಘಟಕವಾದುದಕ್ಕೆ 1948ರಲ್ಲಿ ಸಭೆಯ ಮುಂದೆ ಹರ್ಷ ವ್ಯಕ್ತಪಡಿಸಿದರು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ ಸಮಾಜದಲ್ಲಿ ಅಸಮಾನತೆ ಉಳಿದರೆ ಮತದಾನದ ಸಮಾನತೆಯೂ ನಿಲ್ಲಲಾರದೆಂದು ಅವರು ಎಚ್ಚರಿಸಿದರು.

ಕಾಯಿದೆಯು ಬಾಗಿಲನ್ನು ತೆರೆಯಬಹುದು. ಒಳಗೆ ಕಾಲಿಡುವ ಧೈರ್ಯವನ್ನು ವಿದ್ಯೆಯೇ ಕೊಡಬೇಕು. ಅಂತೆಯೇ ಅವರ ಪೀಪಲ್ಸ್ ಎಜುಕೇಶನ್ ಸೊಸಾಯಿಟಿಯು 1950ರಲ್ಲಿ, ಉಚ್ಚ ಶಿಕ್ಷಣಕ್ಕೆ ಅನುಕೂಲತೆ ಕಡಿಮೆಯಿದ್ದ ಮರಾಠವಾಡೆಯ ಔರಂಗಾಬಾದಿನಲ್ಲಿ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ಅದಕ್ಕೆ ಮಿಲಿಂದನ ಹೆಸರು ಬಂದಿತು. ಮಿಲಿಂದನು ಭಿಕ್ಷು ನಾಗಸೇನನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಯವನ ದೊರೆ. ಹೇಳಿದುದನ್ನು ಪರೀಕ್ಷಿಸದೆ ಒಪ್ಪದ ಅರಸನ ಹೆಸರು ವಿದ್ಯಾಮಂದಿರಕ್ಕೆ ಎಷ್ಟು ಅನ್ವರ್ಥಕವಾಗಿದೆ!

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ದಿವಂಗತರಾದರು. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ 1994ರಲ್ಲಿ ಅವರ ಹೆಸರನ್ನು ಸೇರಿಸಲಾಯಿತು.

ಇಂದು ನಾವು ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತೇವೆ, ಒಂದೇ ನಳದ ನೀರು ಕುಡಿಯುತ್ತೇವೆ. ಇದಕ್ಕಾಗಿ ಹಿಂದಿನವರು ಎಷ್ಟು ಬೆಲೆ ತೆತ್ತರೆಂಬುದನ್ನು ನಾವು ಮರೆಯಲಾಗದು. ನಮ್ಮ ಗೆಳೆಯರ ಗುಂಪಿನಲ್ಲಿ ಯಾರನ್ನಾದರೂ ದೂರ ಕೂರಿಸುವ ರೂಢಿ ಕಂಡರೆ, ಅದೇಕೆಂದು ಕೇಳುವ ಮೊದಲಿಗರು ನಾವಾಗೋಣ.