ವಾಲ್ಟ್ ಡಿಸ್ನಿಯ ಕಾಡುದೋಣಿ ಮತ್ತು ಹಳಸಲು ಹಾಸ್ಯ

ದೋಣಿ ಜಲಪಾತದ ಹಿಂದಕ್ಕೆ ನುಸುಳುತ್ತದೆ. ಚುಕ್ಕಾಣಿ ಹಿಡಿದ ಯುವಕ ಮೈಕನ್ನು ಬಾಯಿಗೆ ಹತ್ತಿರ ತಂದು, ಪುರಾಣ ಹೇಳುವವನ ಗಾಂಭೀರ್ಯದಿಂದ, ಜಗತ್ತಿನ ಎಂಟನೆಯ ಅದ್ಭುತ ಇನ್ನೇನು ಕಾಣಲಿದೆಯೆಂದು ಸಾರುತ್ತಾನೆ. ಎಲ್ಲರ ಕೊರಳೂ ಹೊರಳುತ್ತವೆ. ಕಾಣುವುದು ಬೀಳುತ್ತಿರುವ ನೀರಿನ ಬೆನ್ನು, ಅಷ್ಟೇ. ಅದೇ ಆ ಅದ್ಭುತವೆಂದು ಆತ ವಿವರಿಸಿದಾಗ ಮಕ್ಕಳು ನಗುತ್ತಾರೆ, ಹಿರಿಯರು ಹಣೆ ಚಚ್ಚಿಕೊಳ್ಳುತ್ತಾರೆ. ನಮ್ಮ ಕಾಲೇಜು ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಇದು ಅಪ್ಪಟ ಪಿ.ಜೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆನಹೈಮ್ ಪಟ್ಟಣದಲ್ಲಿರುವ ಡಿಸ್ನಿಲ್ಯಾಂಡ್‌ನ ಜಂಗಲ್ ಕ್ರೂಸ್ ಎಂಬ ದೋಣಿ ವಿಹಾರ ಇಂತಹ ಹಾಸ್ಯಚಟಾಕಿಗಳಿಗೆ ಲೋಕಪ್ರಸಿದ್ಧ. ಆದರೆ ಅದನ್ನು ಕಟ್ಟಿಸಿದ ವಾಲ್ಟ್ ಡಿಸ್ನಿಯವರ ಮನಸ್ಸಿನಲ್ಲಿ ಮೊದಲಿಗೆ ಇದ್ದುದು ನಗುವಲ್ಲ. ನಿಜವಾದ ಕಾಡು, ನಿಜವಾದ ಪ್ರಾಣಿಗಳು, ಪ್ರಕೃತಿಯೆದುರು ಮೂಕರಾಗಿ ಕುಳಿತ ಪ್ರೇಕ್ಷಕರು, ಇದು ಅವರ ಕನಸಾಗಿತ್ತು. ಅಲ್ಲಿಂದ ಅವರು ಇಲ್ಲಿಗೆ ಬಂದ ಬಗೆ ಕುತೂಹಲಕರವಾದುದು. ಅದನ್ನು ತಿಳಿಯಲು ಅವರ ಬಾಲ್ಯಕ್ಕೇ ಹೋಗಬೇಕು.

ವಾಲ್ಟರ್ ಇಲಿಯಾಸ್ ಡಿಸ್ನಿ ಜನಿಸಿದ್ದು 1901ರ ಡಿಸೆಂಬರ್ 5ರಂದು, ಷಿಕಾಗೊ ನಗರದಲ್ಲಿ. ತಂದೆ ಇಲಿಯಾಸ್ ಕಟ್ಟುನಿಟ್ಟಿನ ಮನುಷ್ಯ. ಬಡಗಿ ಕೆಲಸ, ಬೇಸಾಯ, ಪತ್ರಿಕೆ ವಿತರಣೆ ಎಂದು ಹಲವು ಕಸುಬುಗಳಿಗೆ ಕೈಹಾಕಿ ಯಾವುದರಲ್ಲಿಯೂ ನೆಲೆ ಕಾಣದವರು. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಸಣ್ಣ ಊರಿನ ಹೊಲಮನೆಗೆ ತೆರಳಿತು. ಅಲ್ಲಿ ಕಳೆದ ನಾಲ್ಕಾರು ವರ್ಷಗಳನ್ನು ವಾಲ್ಟ್ ಜೀವಮಾನವಿಡೀ ಸ್ವರ್ಗವೆಂಬಂತೆ ನೆನೆದರು. ಬೇಸಾಯವೂ ಕೈಹಿಡಿಯದೆ 1911ರಲ್ಲಿ ಕುಟುಂಬ ಕಾನ್ಸಸ್ ಸಿಟಿಗೆ ಬಂತು. ಅಲ್ಲಿ ತಂದೆ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ಹತ್ತು ವರ್ಷದ ಬಾಲಕ ನಸುಕಿನಲ್ಲೇ ಎದ್ದು ಹಿಮದಲ್ಲಿ ನಡೆದು ಮನೆಮನೆಗೆ ಪತ್ರಿಕೆ ಹಾಕಬೇಕಿತ್ತು. ಶಾಲೆಯಲ್ಲಿ ತೂಕಡಿಸುವುದು ವಾಡಿಕೆಯಾಯಿತು.

ಈ ಕಠಿಣ ದಿನಗಳಲ್ಲಿ ಅವನಿಗೆ ದೊರೆತ ಬಿಡುಗಡೆಯ ಬಾಗಿಲು ಸಹಪಾಠಿ ವಾಲ್ಟ್ ಫೈಫರ್‌ನ ಮನೆ. ಆ ಮನೆಯವರು ವಾಡೆವಿಲ್ ಪ್ರಿಯರು. ವಾಡೆವಿಲ್ ಎಂದರೆ ಹಾಡು, ಕುಣಿತ, ನಕಲು, ಜೋಕುಗಳಿಂದ ಕೂಡಿದ ಅಂದಿನ ಅಮೆರಿಕದ ವಿವಿಧ ವಿನೋದಾವಳಿ. ಹೆಸರಿನಲ್ಲಿಯೂ ಒಂದಾದ ಆ ಇಬ್ಬರು ವಾಲ್ಟ್‌ಗಳು ಜೋಡಿಯಾಗಿ ಚಾಪ್ಲಿನ್ ವೇಷ ಹಾಕಿ, ಹವ್ಯಾಸಿಗಳ ರಾತ್ರಿ ಪ್ರದರ್ಶನಗಳಲ್ಲಿ ಹಳೆಯ ಜೋಕುಗಳನ್ನು ಹೇಳಿ ಸಣ್ಣಪುಟ್ಟ ಬಹುಮಾನಗಳನ್ನೂ ಗಳಿಸಿದರು. ಇಲಿಯಾಸರಿಗೆ ಇದೆಲ್ಲ ಹಿಡಿಸದ ಕಾರಣ ಮಗ ಕದ್ದು ಹೋಗಬೇಕಿತ್ತು. ಚಿತ್ರಕಾರನಾಗುವ ಮೊದಲೇ ಡಿಸ್ನಿ ಜೋಕು ಹೇಳುವ ಹುಡುಗನಾಗಿದ್ದ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮುಂದಿನ ಕಥೆ ಬಹುಪಾಲು ಎಲ್ಲರಿಗೂ ಗೊತ್ತಿರುವಂಥದು. ಮೊದಲ ಮಹಾಯುದ್ಧ ಮುಗಿಯುತ್ತಿದ್ದಂತೆ ಫ್ರಾನ್ಸ್‌ನಲ್ಲಿ ರೆಡ್‌ಕ್ರಾಸ್ ವಾಹನ ಚಾಲನೆ, ಕಾನ್ಸಸ್ ಸಿಟಿಯಲ್ಲಿ ಸ್ಥಾಪಿಸಿದ ಕಂಪನಿಯ ದಿವಾಳಿ, 1923ರಲ್ಲಿ ಹಾಲಿವುಡ್‌ಗೆ ಪಯಣ, ಅಣ್ಣ ರಾಯ್ ಜೊತೆ ಹೊಸ ಸ್ಟುಡಿಯೋ. 1928ರಲ್ಲಿ ಆಸ್ವಾಲ್ಡ್ ಎಂಬ ಮೊಲದ ಪಾತ್ರದ ಹಕ್ಕು ಕೈತಪ್ಪಿತು. ಅದೇ ವರ್ಷ ನವೆಂಬರ್‌ನಲ್ಲಿ ಮಿಕ್ಕಿ ಇಲಿ ತೆರೆಗೆ ಬಂತು. 1937ರ ಡಿಸೆಂಬರ್‌ನಲ್ಲಿ ಸ್ನೋವೈಟ್ ಚಿತ್ರ ತೆರೆಕಂಡು ಜಗತ್ತನ್ನು ಬೆರಗುಗೊಳಿಸಿತು.

ಈ ಯಶಸ್ಸಿನ ಜೊತೆಗೆ ಡಿಸ್ನಿಯವರಲ್ಲಿ ತಂದೆಯ ಬಿಗಿಯೂ ಬೆಳೆಯಿತು. ತಮ್ಮ ಕಲ್ಪನೆಯಂತೆಯೇ ಎಲ್ಲವೂ ನಡೆಯಬೇಕೆಂಬ ಹಟ ಅವರದು. 1941ರಲ್ಲಿ ಸ್ಟುಡಿಯೋದ ಕಲಾವಿದರು ಸಂಘದ ಮಾನ್ಯತೆಗಾಗಿ ಮುಷ್ಕರ ಹೂಡಿದಾಗ ಅವರು ಅದನ್ನು ಮನೆಮಕ್ಕಳ ದ್ರೋಹವೆಂಬಂತೆ ಕಂಡರು. ಆ ಕಹಿ ಕೊನೆಯವರೆಗೂ ಹೋಗಲಿಲ್ಲ. 1947ರಲ್ಲಿ ಸಂಸತ್ತಿನ ಸಮಿತಿಯೆದುರು ಸಾಕ್ಷಿ ನುಡಿದು, ಮುಷ್ಕರದ ಹಿಂದೆ ಕಮ್ಯುನಿಸ್ಟರಿದ್ದರೆಂದು ಹೆಸರು ಹಿಡಿದು ಆರೋಪಿಸಿದರು. ಅವರ ಜೀವನದ ಈ ಪುಟವನ್ನು ಅಭಿಮಾನಿಗಳು ಬೇಗ ಮಗುಚಿಬಿಡುತ್ತಾರೆ. ಹಾಗೆ ಮಾಡಿದರೆ ಮನುಷ್ಯ ಅರ್ಥವಾಗುವುದಿಲ್ಲ.

ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಇಬ್ಬರು ಹೆಣ್ಣುಮಕ್ಕಳು ತಿರುಗುಕುದುರೆಯ ಮೇಲೆ ಆಡುತ್ತಿದ್ದರೆ ಡಿಸ್ನಿ ಬೆಂಚಿನ ಮೇಲೆ ಬರಿದೇ ಕುಳಿತಿರುತ್ತಿದ್ದರು. ದೊಡ್ಡವರೂ ಮಕ್ಕಳೂ ಕೂಡಿ ನಲಿಯುವ ಸ್ಥಳವೇಕೆ ಇರಬಾರದು ಎಂಬ ಯೋಚನೆ ಅಲ್ಲಿ ಮೊಳೆಯಿತೆಂದು ಅವರೇ ಹೇಳಿಕೊಂಡಿದ್ದರು. ಜೀವವಿಮೆಯ ಮೇಲೂ ಸಾಲವೆತ್ತಿ, ದೂರದರ್ಶನ ಸಂಸ್ಥೆಯೊಂದನ್ನು ಪಾಲುದಾರನನ್ನಾಗಿಸಿಕೊಂಡು, ಕಿತ್ತಲೆ ತೋಟಗಳಿದ್ದ 160 ಎಕರೆಯಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರ್ ವೆಚ್ಚದ ಉದ್ಯಾನವನ್ನು ಕಟ್ಟಿಸಿದರು. 1955ರ ಜುಲೈ 17ರಂದು ಅದು ತೆರೆಯಿತು.

ಆ ಕಾಲಕ್ಕೆ ಡಿಸ್ನಿ ಸ್ಟುಡಿಯೋದ ವನ್ಯಜೀವಿ ಸಾಕ್ಷ್ಯಚಿತ್ರಗಳು ಆಸ್ಕರ್ ಪ್ರಶಸ್ತಿಗಳನ್ನು ಬಾಚಿಕೊಳ್ಳುತ್ತಿದ್ದವು. ಅವುಗಳ ಅನುಭವವನ್ನೇ ದೋಣಿಯಲ್ಲಿ ಕೂರಿಸಿ ಕೊಡಬೇಕೆಂಬುದು ಡಿಸ್ನಿಯವರ ಬಯಕೆ. ವಿನ್ಯಾಸಕಾರ ಹಾರ್ಪರ್ ಗಾಫ್ 1951ರ ಆಫ್ರಿಕನ್ ಕ್ವೀನ್ ಚಿತ್ರದಿಂದ ಪ್ರೇರಿತರಾಗಿ ದೋಣಿಗಳನ್ನು ರೂಪಿಸಿದರು. ಜೀವಂತ ಪ್ರಾಣಿಗಳನ್ನೇ ತರುವ ಆಸೆಗೆ ಮಾತ್ರ ತಜ್ಞರು ತಣ್ಣೀರೆರಚಿದರು. ಹಗಲಿನಲ್ಲಿ ಅವು ಮಲಗುತ್ತವೆ, ಇಲ್ಲವೇ ಅವಿತುಕೊಳ್ಳುತ್ತವೆ; ಪ್ರತಿ ದೋಣಿಗೂ ದರ್ಶನ ಕೊಡುವುದಿಲ್ಲ. ಹೀಗಾಗಿ ಯಂತ್ರದ ಮೊಸಳೆ, ಯಂತ್ರದ ನೀರಾನೆಗಳು ಬಂದವು. ಗಿಡಮರಗಳ ಹೊಣೆ ಹೊತ್ತ ಬಿಲ್ ಇವಾನ್ಸ್ ಬಳಿ ಹಣ ಕಡಿಮೆ. ಹೆದ್ದಾರಿಗಳಿಗಾಗಿ ಉರುಳಲಿದ್ದ ಮರಗಳನ್ನು ಅವರು ಕಿತ್ತು ತಂದು ನೆಟ್ಟರು. ಕೆಲವು ಮರಗಳನ್ನು ಬೇರು ಮೇಲಾಗಿ ಹೂಳಿ ವಿಚಿತ್ರ ಕಾಡಿನ ಭ್ರಮೆ ಹುಟ್ಟಿಸಿದರು. ದೋಣಿ ಸಾಗುವುದು ನೀರಿನಡಿಯ ಹಳಿಯ ಮೇಲೆ. ಚುಕ್ಕಾಣಿ ಹಿಡಿದವನು ತಿರುಗಿಸುವಂತೆ ನಟಿಸಿದರೆ ಸಾಕು.

ಈ ನಟನೆಯ ನಡುವೆ ಮಾತು ಮಾತ್ರ ಗಂಭೀರವಾಗಿತ್ತು. ಮಾರ್ಗದರ್ಶಿಗಳು ಸಾಕ್ಷ್ಯಚಿತ್ರದ ಧಾಟಿಯಲ್ಲಿ ಪ್ರಾಣಿಗಳನ್ನೂ ನದಿಗಳನ್ನೂ ವರ್ಣಿಸಬೇಕಿತ್ತು. ಒಮ್ಮೆ ಡಿಸ್ನಿ ಸ್ವತಃ ದೋಣಿ ಹತ್ತಿದರು. 7 ನಿಮಿಷ ಹಿಡಿಯಬೇಕಾದ ವಿಹಾರ ನಾಲ್ಕೂವರೆ ನಿಮಿಷಕ್ಕೇ ಮುಗಿಯಿತು. ಮೇಲ್ವಿಚಾರಕ ಡಿಕ್ ನೂನಿಸ್ ಅವರನ್ನು ಪಕ್ಕಕ್ಕೆ ಕರೆದು, ಸಿನಿಮಾದ ನಡುವಿನ ಒಂದು ರೀಲನ್ನೇ ಕಿತ್ತರೆ ಹೇಗಿರುತ್ತದೆಂದು ಕೇಳಿದರಂತೆ. ಅಷ್ಟು ಹಣ ತೆತ್ತು ಮಾಡಿಸಿದ ನೀರಾನೆಗಳನ್ನು ಜನ ಕಣ್ತುಂಬ ನೋಡುವುದು ಬೇಡವೇ ಎಂದೂ ಬೇಸರಿಸಿದರಂತೆ. ನೂನಿಸ್ ಸ್ಟಾಪ್‌ವಾಚ್ ಹಿಡಿದು ಎಲ್ಲ ಚಾಲಕರಿಗೂ ಮತ್ತೆ ತರಬೇತಿ ಕೊಟ್ಟರು. ಡಿಸ್ನಿ ಮರಳಿ ಬಂದು ಒಂದಾದ ಮೇಲೊಂದು ಹಲವು ದೋಣಿಗಳಲ್ಲಿ ಕುಳಿತು ಪರೀಕ್ಷಿಸಿದ ಮೇಲೆಯೇ ತೃಪ್ತರಾದರು.

ಆದರೆ ಸ್ಟಾಪ್‌ವಾಚ್ ಬಗೆಹರಿಸಲಾಗದ ಸಮಸ್ಯೆಯೊಂದಿತ್ತು. ಯಂತ್ರದ ಮೊಸಳೆ ನಿನ್ನೆ ಬಾಯಿ ತೆರೆದಂತೆಯೇ ಇಂದೂ ತೆರೆಯುತ್ತದೆ. ಮಗು ಮತ್ತೆ ದೋಣಿ ಹತ್ತಬೇಕೆಂದು ರಚ್ಚೆ ಹಿಡಿದಾಗ, ಅದನ್ನು ಹಿಂದಿನ ಸಲವೇ ನೋಡಿಯಾಯಿತಲ್ಲ ಎಂದು ತಾಯಿಯೊಬ್ಬಳು ಗದರಿದ್ದು ಡಿಸ್ನಿಯವರ ಕಿವಿಗೆ ಬಿತ್ತೆಂಬ ಕಥೆ ಉದ್ಯಾನದ ಹಳಬರಲ್ಲಿ ಪ್ರಚಲಿತ. ಕಥೆ ಹೇಗೇ ಇರಲಿ, 1960ರ ದಶಕದ ಆರಂಭದಲ್ಲಿ ಅವರು ಈ ವಿಹಾರವನ್ನು ಚಿತ್ರಕಾರ ಮಾರ್ಕ್ ಡೇವಿಸ್ ಅವರ ಕೈಗೊಪ್ಪಿಸಿದರು. ಟಿಂಕರ್ ಬೆಲ್, ಮ್ಯಾಲಿಫಿಸೆಂಟ್, ಕ್ರುಯೆಲಾ ಪಾತ್ರಗಳಿಗೆ ಜೀವ ತುಂಬಿದವರು ಡೇವಿಸ್. ಉದ್ಯಾನದಲ್ಲಿ ನಗುವೇ ಇಲ್ಲವೆಂದು ಅವರಿಗೆ ಅನ್ನಿಸಿತ್ತು. 1962ರಲ್ಲಿ ಭಾರತೀಯ ಆನೆಗಳ ಸ್ನಾನದ ಕೊಳ ಬಂತು. ಸೊಂಡಿಲಿನಿಂದ ದೋಣಿಯತ್ತ ನೀರು ಚಿಮ್ಮಿಸಲು ಹವಣಿಸುವ ಆನೆ ಅಲ್ಲಿನ ನಾಯಕ. 1964ರಲ್ಲಿ ಬೇಟೆಗೆ ಹೋದ ತಂಡವೊಂದು ಘೇಂಡಾಮೃಗಕ್ಕೆ ಹೆದರಿ ಒಬ್ಬರ ಮೇಲೊಬ್ಬರು ಕಂಬವೇರಿದ ದೃಶ್ಯ ಬಂತು. ಪಕ್ಕದಲ್ಲಿ ಕತ್ತೆಕಿರುಬಗಳು ನಗುತ್ತಿದ್ದವು.

ದೃಶ್ಯವೇ ನಗಿಸತೊಡಗಿದ ಮೇಲೆ ಮಾತು ಗಂಭೀರವಾಗಿ ಉಳಿಯುವುದೆಂತು? ಘೇಂಡಾಮೃಗದ ಕೊಂಬಿನ ಮೊನೆಗೂ ವಾದದ ತಿರುಳಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಮೃಗವು ತನ್ನ ವಾದವನ್ನು ಚೆನ್ನಾಗಿಯೇ ಮುಟ್ಟಿಸುತ್ತಿದೆ ಎಂದ ಮಾರ್ಗದರ್ಶಿ. ಗ್ಯಾಬನ್‌ನಲ್ಲಿ ರೋಗಿಗಳ ಸೇವೆ ಮಾಡಿ ನೊಬೆಲ್ ಪಡೆದ ಆಲ್ಬರ್ಟ್ ಶ್ವೈಟ್ಜರ್ ಹೆಸರನ್ನು ಜಲಪಾತಕ್ಕಿಟ್ಟಿದ್ದರು. ಮಾರ್ಗದರ್ಶಿ ಅದನ್ನು ಪರಿಚಯಿಸುತ್ತ, ಈ ಶ್ವೈಟ್ಜರ್ ಫಾಲ್ಸ್‌ಗೆ ಹೆಸರು ಬಂದುದು ಮಹಾನುಭಾವ ಡಾಕ್ಟರ್ ಆಲ್ಬರ್ಟ್ ಫಾಲ್ಸ್ ಅವರಿಂದ ಎಂದುಬಿಡುತ್ತಿದ್ದ. ದಡ ಸೇರುವಾಗ, ಈ ಪಯಣದ ಅತ್ಯಂತ ಅಪಾಯಕಾರಿ ಭಾಗವಾದ ಕ್ಯಾಲಿಫೋರ್ನಿಯಾದ ಹೆದ್ದಾರಿಗಳು ಇನ್ನು ಮುಂದಿವೆ ಎಂಬ ಎಚ್ಚರಿಕೆ. ಶ್ಲೇಷೆಯನ್ನು ಕಾವ್ಯದಲ್ಲಿ ಕಂಡರೆ ತಲೆದೂಗುವ ನಾವು ದೋಣಿಯಲ್ಲಿ ಕೇಳಿದರೆ ನರಳುತ್ತೇವೆ. ಆ ನರಳಿಕೆಯೇ ಇಲ್ಲಿ ಚಪ್ಪಾಳೆ.

ಜೋಕುಗಳಿಗೆ ಆಡಳಿತದ ಒಪ್ಪಿಗೆ ಪಡೆದ ಪಾಠವಿತ್ತು. ಆದರೂ ಅದೇ ವಿಹಾರವನ್ನು ದಿನವಿಡೀ ಹೇಳುವ ತರುಣ ತನ್ನದೊಂದು ಮಾತು ಸೇರಿಸದಿರಲಾರ. ಒಬ್ಬ ಎಳೆದು ಹೇಳಿದ, ಇನ್ನೊಬ್ಬ ಬೇಸತ್ತವನಂತೆ ನಟಿಸಿದ. ಮೊಸಳೆ ಅದೇ, ಮಾತು ಬೇರೆ. ಹೀಗಾಗಿ ಜನ ಮತ್ತೆ ಮತ್ತೆ ಬಂದರು. ಮುಂದೆ ಟಾಯ್ ಸ್ಟೋರಿ ನಿರ್ದೇಶಿಸಿದ ಜಾನ್ ಲ್ಯಾಸೆಟರ್ ಕೂಡ ತಾರುಣ್ಯದಲ್ಲಿ ಈ ದೋಣಿ ನಡೆಸಿದವರೇ. ನೌಕರರ ದನಿಯೆದ್ದಾಗ ಸಿಡಿದೆದ್ದಿದ್ದ ಯಜಮಾನನ ಉದ್ಯಾನದಲ್ಲಿ, ಸಾಮಾನ್ಯ ನೌಕರನ ದನಿಯೇ ಒಂದು ವಿಹಾರವನ್ನು ಉಳಿಸಿದ್ದು ವಿಚಿತ್ರವೇ ಸರಿ. ಕಾನ್ಸಸ್ ಸಿಟಿಯ ರಾತ್ರಿ ಪ್ರದರ್ಶನಗಳ ಹಳೆಯ ಸೊಗಡು ಆ ದನಿಯಲ್ಲಿ ಡಿಸ್ನಿಯವರಿಗೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಎಲ್ಲ ನಗೆಯೂ ನಿರ್ದೋಷವಾಗಿರಲಿಲ್ಲ. ಈಟಿ ಹಿಡಿದು ಕುಣಿಯುವ ಆಫ್ರಿಕನ್ನರು, ಮನುಷ್ಯರ ತಲೆಗಳನ್ನು ಮಾರುವ ಟ್ರೇಡರ್ ಸ್ಯಾಮ್ ಮುಂತಾದವು ವಸಾಹತುಶಾಹಿಯ ಕಣ್ಣಿಗೆ ಕಂಡ ಕಾಡು. ಒಂದು ತಲೆ ಕೊಟ್ಟರೆ ಸ್ಯಾಮ್ ಎರಡು ಕೊಡುತ್ತಾನೆ ಎಂಬ ಜೋಕಿಗೆ ದಶಕಗಳ ಕಾಲ ಜನ ನಕ್ಕರು; ಯಾರ ವೆಚ್ಚದಲ್ಲಿ ನಗುತ್ತಿದ್ದೇವೆಂದು ಕೇಳಲು ಬಹಳ ತಡವಾಯಿತು. 2021ರಲ್ಲಿ ಸಂಸ್ಥೆ ಆ ದೃಶ್ಯಗಳನ್ನು ತೆಗೆದುಹಾಕಿತು. ಅದೇ ವರ್ಷ ಡ್ವೇನ್ ಜಾನ್ಸನ್ ನಟಿಸಿದ ಜಂಗಲ್ ಕ್ರೂಸ್ ಚಲನಚಿತ್ರವೂ ಬಂತು. ಅದರ ನಾಯಕ ಪ್ರವಾಸಿಗರಿಗೆ ಹಳಸಲು ಜೋಕು ಹೇಳುವ ದೋಣಿಗಾರ.

ಡಿಸ್ನಿ ಬಹುಕಾಲದ ಧೂಮಪಾನಿ. ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು, ತಮ್ಮ ಸ್ಟುಡಿಯೋದ ಎದುರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 65 ತುಂಬಿ ಹತ್ತು ದಿನಗಳಾಗಿದ್ದವು. ಫ್ಲೋರಿಡಾದ ದೊಡ್ಡ ಉದ್ಯಾನದ ಕನಸನ್ನು ನಿವೃತ್ತಿ ಮುಂದೂಡಿ ಪೂರೈಸಿದ ರಾಯ್, 1971ರ ಅಕ್ಟೋಬರ್ 1ರಂದು ಅದನ್ನು ತೆರೆದರು. ಡಿಸೆಂಬರ್‌ನಲ್ಲಿ ತಾವೂ ಕಣ್ಮುಚ್ಚಿದರು. ಅಲ್ಲಿಯೂ ಮೊದಲ ದಿನವೇ ಕಾಡಿನ ದೋಣಿ ಹೊರಟಿತ್ತು. 1983ರಲ್ಲಿ ಟೋಕಿಯೊ, 2005ರಲ್ಲಿ ಹಾಂಗ್‌ಕಾಂಗ್ ಸೇರಿಕೊಂಡವು. ಹಾಂಗ್‌ಕಾಂಗ್‌ನಲ್ಲಿ ಭಾಷೆಗೊಂದು ಸಾಲು: ಕ್ಯಾಂಟನೀಸ್‌ಗೊಂದು, ಮ್ಯಾಂಡರಿನ್‌ಗೊಂದು, ಇಂಗ್ಲಿಷಿಗೊಂದು. ಶ್ಲೇಷೆ ಭಾಷಾಂತರಕ್ಕೆ ಒಗ್ಗುವುದಿಲ್ಲವಲ್ಲ.