ಹಸಿವನ್ನರಿತು ಗ್ರಂಥ ನೀಡಿದ ಮಹನೀಯ: ಎಸ್. ಆರ್. ರಂಗನಾಥನ್

ನಮ್ಮ ಕಾರ್ಯಾಲಯಕ್ಕೆ ಬರುವ ಓಲೆಗಳಲ್ಲಿ ಒಂದು ಪ್ರಶ್ನೆ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಎಂದು ಮೂರು ಭಾಷೆಗಳ ನಡುವೆ ಬೆಳೆಯುತ್ತಿರುವ ಮಗನಿಗೆ ಯಾವ ಕನ್ನಡ ಕಥೆಯ ಪುಸ್ತಕವನ್ನು ಕೊಡಿಸಬೇಕೆಂದು ಒಬ್ಬ ತಾಯಿ ಕೇಳುತ್ತಾರೆ. ಉದ್ಯೋಗದಿಂದ ನಿವೃತ್ತರಾದ ತಂದೆಯವರಿಗೆ ಹೊತ್ತು ಹೋಗುವಂತಹ ಕಾದಂಬರಿ ಯಾವುದೆಂದು ಮತ್ತೊಬ್ಬರು ವಿಚಾರಿಸುತ್ತಾರೆ. ಹತ್ತು ಹೆಸರುಗಳ ಪಟ್ಟಿಯೊಂದನ್ನು ಅಚ್ಚು ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಯಾವ ಓದುಗನಿಗೆ ಯಾವ ಗ್ರಂಥ ಎಂಬ ಈ ಪ್ರಶ್ನೆಯನ್ನೇ ಜೀವಮಾನದ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರು ಇದೇ ಚೆನ್ನೈ ನಗರದಲ್ಲಿ, ಅದು ಮದರಾಸು ಎನಿಸಿಕೊಂಡಿದ್ದ ಕಾಲದಲ್ಲಿ, 20 ವರ್ಷಗಳ ಪರ್ಯಂತ ದುಡಿದರು. ಪಟ್ಟಿಗಿಂತ ಮೊದಲು ಅವರ ಚರಿತ್ರೆಯನ್ನು ತಿಳಿಯುವುದು ಲೇಸು.

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಸೀಮೆಯ ಶಿಯಾಳಿ, ಅಂದರೆ ಇಂದಿನ ಸೀರ್ಕಾಳಿಯ ಪ್ರಾಂತದಲ್ಲಿ ಜನಿಸಿದರು. ತಂದೆ ರಾಮಾಮೃತ ಅಯ್ಯರ್ ಅವರು ನೆರೆಹೊರೆಯವರನ್ನು ಕೂಡಿಸಿಕೊಂಡು ರಾಮಾಯಣವನ್ನು ವಿವರಿಸುವುದರಲ್ಲಿ ಹೆಸರಾದವರು. ಒಂದೇ ರಾಮಾಯಣದಲ್ಲಿ ವೃದ್ಧರಿಗೆ ಭಕ್ತಿಯೂ, ಗೃಹಿಣಿಗೆ ಸೀತೆಯ ಸಂಕಟವೂ, ಬಾಲಕನಿಗೆ ಹನುಮಂತನ ಸಮುದ್ರ ಲಂಘನವೂ ಲಭಿಸುವುದನ್ನು ಇಂತಹ ಸಭೆಗಳಲ್ಲಿ ಕುಳಿತವರೆಲ್ಲರೂ ಬಲ್ಲರು. ಆದರೆ ಆ ತಂದೆಯ ಕಥನವನ್ನು ಬಹುಕಾಲ ಕೇಳುವ ಭಾಗ್ಯ ಬಾಲಕನಿಗೆ ಇರಲಿಲ್ಲ. ಆರನೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲು ಬೇರೆ ಇದ್ದಿತು. ಅಂತಹ ಬಾಲಕನು ಮುಂದೆ ಉಪಾಧ್ಯಾಯನಾದುದು ಮನೋಬಲದ ಒಂದು ದೃಷ್ಟಾಂತವೆಂದೇ ಹೇಳಬೇಕು.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ, 1916ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಅವರಿಗೆ ಕೇವಲ ಗುರುಗಳಾಗಿರದೆ ಆಜೀವ ಮಾರ್ಗದರ್ಶಕರಾದರು. 1917ರಲ್ಲಿ ದೊರೆತ ಮೊದಲ ಅಧ್ಯಾಪಕ ವೃತ್ತಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂಬುದನ್ನು ಕರಾವಳಿಯಿಂದ ಬಂದು ಇಲ್ಲಿ ನೆಲೆಸಿರುವ ನಮ್ಮ ವಾಚಕರು ಅಭಿಮಾನದಿಂದ ನೆನೆಯಬಹುದು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಎಂಬ ಸಾಮಾಜಿಕ ಕಾದಂಬರಿಯನ್ನು ಕನ್ನಡಕ್ಕೆ ಕೊಟ್ಟದ್ದು ಅದೇ ಮಂಗಳೂರಿನಲ್ಲಿ. ಆ ಬಳಿಕ ಕೊಯಮತ್ತೂರಿನಲ್ಲಿಯೂ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ರಂಗನಾಥನ್ ಅವರು ಪಾಠ ಹೇಳಿದರು.

1924ರ ಜನವರಿಯಲ್ಲಿ ಅವರ ಜೀವನ ತಿರುವನ್ನು ಪಡೆಯಿತು. ಮದರಾಸು ವಿಶ್ವವಿದ್ಯಾನಿಲಯವು ತನ್ನ ಮೊದಲ ಗ್ರಂಥಪಾಲರ ಹುದ್ದೆಗೆ ಅವರನ್ನು ಆರಿಸಿತು. ಅಧ್ಯಾಪಕ ವೃತ್ತಿಗಿಂತ ಸಂಬಳ ಅಧಿಕವಾಗಿದ್ದುದೇ ಅವರು ಅರ್ಜಿ ಹಾಕಲು ಕಾರಣ. ಗ್ರಂಥಾಲಯದ ವಿಷಯವಾಗಿ ಅವರಿಗೆ ಆಗ ಯಾವ ತರಬೇತಿಯೂ ಇರಲಿಲ್ಲ. ಹುದ್ದೆಯನ್ನು ವಹಿಸಿಕೊಂಡ ಕೆಲವೇ ದಿನಗಳಲ್ಲಿ ಏಕಾಂತ ದುಸ್ಸಹವೆನಿಸಿತು. ವಿದ್ಯಾರ್ಥಿಗಳ ಕಲರವದ ನಡುವೆ ಇದ್ದವರಿಗೆ ಮೌನವಾದ ಕಪಾಟುಗಳ ಸಹವಾಸ ಹಿಡಿಸಲಿಲ್ಲ. ತಮ್ಮನ್ನು ಮರಳಿ ಕಾಲೇಜಿಗೆ ಕಳುಹಿಸಬೇಕೆಂದು ಮೇಲಿನವರಲ್ಲಿ ಬಿನ್ನವಿಸಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬರಲಿ, ಅನಂತರವೂ ಮನಸ್ಸು ಒಪ್ಪದಿದ್ದರೆ ಹಿಂದಿನ ಕೆಲಸಕ್ಕೆ ಹೋಗಲಿ ಎಂಬ ಒಪ್ಪಂದವಾಯಿತು.

ಲಂಡನ್ನಿನಲ್ಲಿ ಅವರು ಬೆರ್ವಿಕ್ ಸೇಯರ್ಸ್ ಎಂಬ ವಿದ್ವಾಂಸರ ಶಿಷ್ಯರಾದರು. ಸೇಯರ್ಸ್ ಅವರು ಮುಖ್ಯಸ್ಥರಾಗಿದ್ದ ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸವನ್ನು ಅಭ್ಯಾಸ ಮಾಡಿದರು. ಹತ್ತಾರು ಊರುಗಳಲ್ಲಿ ಸಂಚರಿಸಿದರು. ಪಂಡಿತರಿಗೆ ಮಾತ್ರವಲ್ಲದೆ ಕೂಲಿಕಾರನಿಗೆ, ಮನೆಯೊಡತಿಗೆ, ಎಳೆಯ ಮಗುವಿಗೆ ಸಹ ಗ್ರಂಥಾಲಯವು ಬಾಗಿಲು ತೆರೆದಿರುವುದನ್ನು ಅವರು ಕಣ್ಣಾರೆ ಕಂಡರು. ತಾವು ಬೇಸತ್ತು ಬಿಟ್ಟು ಬಂದಿದ್ದುದು ಪುಸ್ತಕಗಳ ಉಗ್ರಾಣವನ್ನೇ ಹೊರತು ಗ್ರಂಥಾಲಯವನ್ನಲ್ಲ ಎಂಬ ಅರಿವು ಅವರಿಗೆ ಆಯಿತೆಂದು ತೋರುತ್ತದೆ. ಅಲ್ಲಿಯೇ ಒಂದು ಅಂಗಡಿಯಲ್ಲಿ, ಕೆಲವೇ ಬಿಡಿ ಭಾಗಗಳನ್ನು ನಾನಾ ಬಗೆಯಾಗಿ ಜೋಡಿಸಿ ಬೇರೆ ಬೇರೆ ಆಕೃತಿಗಳನ್ನು ರಚಿಸುವ ಮೆಕ್ಯಾನೊ ಎಂಬ ಆಟಿಕೆಯನ್ನು ನೋಡಿ, ಪುಸ್ತಕಗಳ ವರ್ಗೀಕರಣಕ್ಕೆ ಹೊಸ ಉಪಾಯವನ್ನು ಕಂಡುಕೊಂಡರು. ಅದೇ ಮುಂದೆ 1933ರಲ್ಲಿ ಅಚ್ಚಾದ ‘ಕೋಲನ್’ ವರ್ಗೀಕರಣ ಪದ್ಧತಿ.

1925ರಲ್ಲಿ ಮದರಾಸಿಗೆ ಹಿಂತಿರುಗಿದವರು ಕಾಲೇಜಿನ ಮಾತನ್ನು ಮತ್ತೆ ಎತ್ತಲಿಲ್ಲ. ಓದುಗರು ಕಪಾಟಿನ ಬಳಿಗೆ ತಾವೇ ಹೋಗಿ ಪುಸ್ತಕವನ್ನು ಮುಟ್ಟಿ ನೋಡಿ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟರು. ಗ್ರಂಥಾಲಯ ತೆರೆದಿರುವ ವೇಳೆಯನ್ನು ವಿಸ್ತರಿಸಿದರು. ಬಾಗಿಲಲ್ಲಿ ದಿಕ್ಕುತೋಚದೆ ನಿಂತವನ ಬಳಿಗೆ ಸಿಬ್ಬಂದಿಯವರೇ ಹೋಗಿ, ಆತನ ಅಪೇಕ್ಷೆಯನ್ನು ವಿಚಾರಿಸಿ ತಿಳಿದು, ತಕ್ಕ ಗ್ರಂಥವನ್ನು ತೋರಿಸಬೇಕೆಂದು ವಿಧಿಸಿದರು. ಭಾನುವಾರವೆನ್ನದೆ, ರಜೆಯೆನ್ನದೆ ದುಡಿದರು. 1929ರಲ್ಲಿ ಶಾರದಾ ಅವರೊಡನೆ ವಿವಾಹವಾದ ದಿನವೂ ಶಾಸ್ತ್ರಗಳು ಮುಗಿದ ಬಳಿಕ ಗ್ರಂಥಾಲಯಕ್ಕೆ ಬಂದರೆಂದು ಹೇಳುತ್ತಾರೆ. 1936ರಲ್ಲಿ ಮರೀನಾ ತೀರದ ನೂತನ ಕಟ್ಟಡಕ್ಕೆ ಗ್ರಂಥಾಲಯವು ಸ್ಥಳಾಂತರವಾಯಿತು. ಆ ಮಾರ್ಗವಾಗಿ ಸಂಜೆಯ ಗಾಳಿಗೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಸ್ಮರಿಸುತ್ತಾರೋ ತಿಳಿಯದು.

ಇಷ್ಟೆಲ್ಲ ಸುಧಾರಣೆಗಳ ಹಿಂದೆ ಯಾವ ಮೂಲತತ್ತ್ವವಿದೆ ಎಂಬ ಚಿಂತೆ ಅವರನ್ನು ಬಹುವಾಗಿ ಕಾಡುತ್ತಿತ್ತು. 1928ರಲ್ಲಿ ಒಂದು ದಿನ ಗುರುಗಳಾದ ರಾಸ್ ಅವರೊಡನೆ ಈ ತೊಡಕನ್ನು ನಿವೇದಿಸಿಕೊಂಡಾಗ, ಗ್ರಂಥಗಳಿರುವುದು ಬಳಕೆಗಾಗಿ ಎಂಬುದೇ ಮೊದಲ ಸೂತ್ರವಲ್ಲವೆ ಎಂದು ಆ ಗಣಿತಜ್ಞರು ನಗುತ್ತಲೇ ಸೂಚಿಸಿದರಂತೆ. ಮಿಕ್ಕ ನಾಲ್ಕು ಸೂತ್ರಗಳು ಅದರ ಹಿಂದೆಯೇ ಹೊಳೆದವು. ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಗ್ರಂಥವುಂಟು; ಪ್ರತಿಯೊಂದು ಗ್ರಂಥಕ್ಕೂ ಅದರದೇ ಆದ ಓದುಗನುಂಟು; ಓದುಗನ ಕಾಲವನ್ನು ವ್ಯರ್ಥಗೊಳಿಸಬಾರದು; ಗ್ರಂಥಾಲಯವು ಬೆಳೆಯುತ್ತಲೇ ಇರುವ ಸಜೀವ ವಸ್ತು. ಇವೇ ಪಂಚಸೂತ್ರಗಳ ಸಾರ. ಅದೇ ವರ್ಷ ಸ್ಥಾಪನೆಯಾದ ಮದರಾಸು ಗ್ರಂಥಾಲಯ ಸಂಘವು 1931ರಲ್ಲಿ ಅವನ್ನು ಗ್ರಂಥರೂಪವಾಗಿ ಪ್ರಕಟಿಸಿತು. ಇಂದಿಗೂ ಲೋಕದ ನಾನಾ ದೇಶಗಳಲ್ಲಿ ಗ್ರಂಥಾಲಯ ವಿದ್ಯೆಯನ್ನು ಕಲಿಯುವವರು ಈ ಸೂತ್ರಗಳಿಂದಲೇ ಪಾಠವನ್ನು ಆರಂಭಿಸುತ್ತಾರೆ.

ಎಸ್.ಎಸ್.ಎಲ್.ಸಿ.ಗೆ ವಿದ್ಯೆಯನ್ನು ಮುಗಿಸಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹಲವು ವರ್ಷ ಕುಳಿತು, ಆ ಮೇಲೆ ಸಂಪಾದಕನ ಕುರ್ಚಿಗೆ ಬಂದ ನನಗೆ ಈ ಸೂತ್ರಗಳು ಅರ್ಥವಾದುದು ಅಡಿಗೆಮನೆಯ ಭಾಷೆಯಲ್ಲಿ. ಜ್ವರ ಬಿಟ್ಟವನಿಗೆ ಇಡ್ಲಿ, ಹೊಲದಿಂದ ಬಂದವನಿಗೆ ಊಟ, ಮಗುವಿಗೆ ಸಿಹಿ. ಬಡಿಸುವವನ ಪ್ರತಿಷ್ಠೆಗಾಗಿ ಯಾರೂ ಉಣ್ಣುವುದಿಲ್ಲ. ಇಷ್ಟು ಬಲ್ಲವನಾಗಿಯೂ ಪುಸ್ತಕದ ವಿಷಯದಲ್ಲಿ ನಾನು ಮೂಢನಂತೆ ನಡೆದುಕೊಂಡೆ.

ನಮ್ಮ ಮಾಣಿಗಳ ಉಪಯೋಗಕ್ಕೆಂದು ಒಮ್ಮೆ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಒಂದು ಕನ್ನಡಿ ಬಾಗಿಲಿನ ಕಪಾಟನ್ನು ಇರಿಸಿದೆ. ದೊಡ್ಡವರ ದಪ್ಪ ದಪ್ಪ ಕಾದಂಬರಿಗಳನ್ನು ತಂದು ತುಂಬಿದೆ. ಬೀಗದ ಕೈಯನ್ನು ನನ್ನ ಬಳಿಯೇ ಇಟ್ಟುಕೊಂಡೆ. ವರ್ಷ ಕಳೆದರೂ ಬೀಗದ ಕೈಯನ್ನು ಕೇಳಿದವರಿಲ್ಲ. ಒಂದು ರಾತ್ರಿ ಹರೆಯದ ಮಾಣಿಯೊಬ್ಬನು ರಟ್ಟು ಹರಿದ ಪತ್ತೇದಾರಿ ಕಾದಂಬರಿಯೊಂದನ್ನು ದೀಪದ ಕೆಳಗೆ ಗಟ್ಟಿಯಾಗಿ ಓದುತ್ತಿದ್ದನು; ಸುತ್ತ ನಾಲ್ವರು ಕುಳಿತು ಕೇಳುತ್ತಿದ್ದರು. ಸದ್ಗ್ರಂಥಗಳಿರುವಾಗ ಇದೇನು ಕಸವೆಂದು ನಾನು ಗದರಿ ಅದನ್ನು ಕಸಿದುಕೊಂಡೆ. ಆ ಹುಡುಗನು ಪುನಃ ನನ್ನೆದುರಿಗೆ ಪುಸ್ತಕ ಹಿಡಿಯಲಿಲ್ಲ. ಕೆಲವು ತಿಂಗಳುಗಳ ಬಳಿಕ ಊರಿಗೆ ಹೊರಟುಹೋದನು. ಕಪಾಟಿನ ಪುಸ್ತಕಗಳು ಗೆದ್ದಲಿನ ಪಾಲಾದುವು. ರಂಗನಾಥನ್ ಅವರ ಎರಡನೆಯ ಸೂತ್ರವನ್ನು ಅನಂತರ ಓದಿದಾಗ, ನನ್ನ ಹೋಟೆಲಿನಲ್ಲಿ ಇದ್ದ ನಿಜವಾದ ಗ್ರಂಥಾಲಯವನ್ನು ನಾನೇ ಮುಚ್ಚಿಸಿದೆನೆಂಬ ಅರಿವಾಯಿತು. ಆ ಪಶ್ಚಾತ್ತಾಪ ಇಂದಿಗೂ ಹೋಗಿಲ್ಲ.

ಅವರ ಸಂಘದ ಕಾರ್ಯ ನಗರಕ್ಕೆ ಸೀಮಿತವಾಗಿ ಉಳಿಯಲಿಲ್ಲ. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಬಂಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಗ್ರಾಮದಿಂದ ಗ್ರಾಮಕ್ಕೆ ಸಾಗುವ ಸಂಚಾರಿ ಗ್ರಂಥಾಲಯವು ಆರಂಭವಾಯಿತು. ನಮ್ಮ ಕನ್ನಡ ನಾಡಿನಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿದ ಸಾಹಸವನ್ನು ಬಲ್ಲವರಿಗೆ, ಇವೆರಡೂ ಒಂದೇ ಧರ್ಮದ ಎರಡು ಮುಖಗಳೆಂದು ತೋರದೆ ಇರದು. ಗ್ರಂಥಾಲಯವು ಧರ್ಮಿಷ್ಠರ ಔದಾರ್ಯದಿಂದಲ್ಲದೆ ಶಾಸನದ ಬಲದಿಂದ ನಡೆಯಬೇಕೆಂದು ಅವರು ವರ್ಷಾನುಗಟ್ಟಲೆ ವಾದಿಸಿದರು. ಅದರ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಯಿತು. ಸ್ವತಂತ್ರ ಭಾರತದಲ್ಲಿ ಅಂತಹ ಕಾಯಿದೆಗಳಲ್ಲಿ ಅದೇ ಮೊದಲನೆಯದು.

1944ರಲ್ಲಿ ಅವರು ಮದರಾಸಿನ ಹುದ್ದೆಯನ್ನು ಬಿಟ್ಟರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯ, ದೆಹಲಿ, ಅನಂತರ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಗಳಲ್ಲಿ ಕೆಲಕಾಲ ಇದ್ದು, ಕಡೆಗೆ ಬೆಂಗಳೂರಿಗೆ ಬಂದು ನೆಲೆಸಿದರು. ಜೀವಮಾನದ ಉಳಿತಾಯವಾದ 1 ಲಕ್ಷ ರೂಪಾಯಿಗಳನ್ನು, ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತರು. 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು. ಕನ್ನಡ ನಾಡಿನ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಗೂ ಅವರೇ ಕರಡನ್ನು ರಚಿಸಿಕೊಟ್ಟರು. ಅದೇ ವರ್ಷ ಭಾರತ ಸರ್ಕಾರವು ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ದೈವಾಧೀನರಾದರು. ತಮಿಳು ನಾಡಿನಲ್ಲಿ ಹುಟ್ಟಿ ಕನ್ನಡ ನೆಲದಲ್ಲಿ ಮಣ್ಣಾದ ಈ ಮಹನೀಯರು, ಕನ್ನಡ ನೆಲದಲ್ಲಿ ಹುಟ್ಟಿ ತಮಿಳು ನಾಡಿನಲ್ಲಿ ಬಾಳುವ ನಮಗೆ ಉಭಯ ರೀತಿಯಿಂದಲೂ ಬಂಧುಗಳು.

ಈಗ ಆರಂಭದ ಪ್ರಶ್ನೆಗೆ ಬರೋಣ. ಮೊದಲು ಓದುಗನನ್ನು ತಿಳಿಯಬೇಕು, ಆ ಮೇಲೆ ಪುಸ್ತಕದ ಹೆಸರನ್ನು ಹೇಳಬೇಕು. ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಬಾಲಕನಿಗೆ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳನ್ನು ತಾಯಿಯೇ ಜತೆಯಲ್ಲಿ ಕುಳಿತು ಓದಿ ಹೇಳಲಿ. ಹಿಂದೆ ಇದೇ ನಗರದಿಂದ ಪ್ರಕಟವಾಗುತ್ತಿದ್ದ ‘ಚಂದಮಾಮ’ದ ಹಳೆಯ ಸಂಚಿಕೆಗಳು ಯಾರ ಅಟ್ಟದಲ್ಲಾದರೂ ಇದ್ದರೆ ಅವುಗಳ ಧೂಳು ಕೊಡವಲಿ, ಬೇತಾಳನ ಪ್ರಶ್ನೆಗೆ ಉತ್ತರ ಹುಡುಕದ ಮಕ್ಕಳಿಲ್ಲ. ಕೋಟೆ, ಯುದ್ಧಗಳಲ್ಲಿ ಅಭಿರುಚಿಯುಳ್ಳ ತರುಣನಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವುಂಟು. ಕಾದಂಬರಿಯೆಂದರೆ ಬೇಸರವೆನ್ನುವ ವಿಜ್ಞಾನದ ವಿದ್ಯಾರ್ಥಿನಿಯ ಕೈಗೆ ತೇಜಸ್ವಿಯವರ ‘ಕರ್ವಾಲೊ’ ಕೊಡಿರಿ. ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಟವಳು ಕಡೆಯ ಪುಟದವರೆಗೆ ಹಿಂದಿರುಗಳು. ಹೆಣ್ಣಿನ ಅಂತರಂಗವನ್ನು ಅರಿಯ ಬಯಸುವವರಿಗೆ ತ್ರಿವೇಣಿಯವರಿದ್ದಾರೆ. ಪತ್ತೇದಾರಿಯೇ ಬೇಕೆನ್ನುವವನಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಸಂತೋಷದಿಂದ ಪರಿಚಯಿಸಿರಿ. ನಾನು ಗದರಿದಂತೆ ಗದರಬೇಡಿರಿ.

ಹಿರಿಯರಿಗೆ ಮಾಸ್ತಿಯವರ ಸಣ್ಣಕಥೆಗಳು ಹಿತವಾಗುವುವು. ಊರು ಬಿಟ್ಟು ಹೋಟೆಲು ತೆರೆದವರ ಮನೆತನಗಳಿಗೆ ಕಾರಂತರ ‘ಮರಳಿ ಮಣ್ಣಿಗೆ’ ನೆಂಟರ ಕಥೆಯಂತೆಯೇ ತೋರುವುದು. ಆದರೆ ‘ಬೆಟ್ಟದ ಜೀವ’ವನ್ನು ಕೊಡುವಾಗ ಮಾತ್ರ ತುಸು ಯೋಚಿಸಿರಿ. ಮನೆ ಬಿಟ್ಟು ಹೋದ ಮಗನ ಹಂಬಲದಲ್ಲಿ ದಿನ ನೂಕುವ ವೃದ್ಧ ದಂಪತಿಗಳ ಕಥೆಯದು. ಮಗ ದೂರ ದೇಶದಲ್ಲಿರುವ ತಂದೆಗೆ ಅದು ಸಾಂತ್ವನವೂ ಆಗಬಹುದು, ಹುಣ್ಣನ್ನು ಕೆದಕಲೂಬಹುದು. ಯಾವುದಾಗುವುದೆಂದು ಪಟ್ಟಿ ಹೇಳಲಾರದು; ಆ ತಂದೆಯ ಬಳಿ ಅರ್ಧ ಗಳಿಗೆ ಕುಳಿತು ಮಾತನಾಡಿದವನು ಹೇಳಬಲ್ಲನು.

ಆಗಸ್ಟ್ 12ನೆಯ ದಿನವನ್ನು ರಂಗನಾಥನ್ ಅವರ ಸ್ಮರಣಾರ್ಥವಾಗಿ ದೇಶದಾದ್ಯಂತ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಮಾಲೆ ಹಾಕುವ ಕಾರ್ಯವನ್ನು ಇತರರು ಮಾಡಲಿ. ನಮ್ಮ ಮನೆಗಳಲ್ಲಿ ಬೀಗ ಹಾಕಿರುವ ಕನ್ನಡ ಪುಸ್ತಕಗಳ ಕಪಾಟೊಂದು ಇದ್ದರೆ, ಅಂದು ಬೀಗ ತೆಗೆದು, ಒಂದು ಪುಸ್ತಕವನ್ನು ಅದರ ಓದುಗನ ಕೈಗೆ ತಲುಪಿಸೋಣ. ಓದುವ ಕಣ್ಣುಗಳಿಲ್ಲದೆ ಹೋದರೆ, ಈ ನಗರದಲ್ಲಿ ಕನ್ನಡವು ಬರಿಯ ಅಡಿಗೆಮನೆಯ ಮಾತಾಗಿ ಉಳಿದು, ಮುಂದಿನ ತಲೆಮಾರಿಗೆ ಅದೂ ಇಲ್ಲವಾಗುವುದು.