ಹೆನ್ರಿ ಡಂಕನ್ ಬೋಧಕರೂ ಬಡವರ ಬ್ಯಾಂಕೂ

ಸ್ಕಾಟ್ಲೆಂಡ್ ದೇಶದ ದಕ್ಷಿಣ ತೀರದಲ್ಲಿ, ಸಾಲ್ವೇ ಎಂಬ ಕೊಲ್ಲಿಯ ಸಮೀಪದಲ್ಲಿ, ರತ್‌ವೆಲ್ ಎಂಬ ಚಿಕ್ಕ ಹಳ್ಳಿಯುಂಟು. ಆ ಹಳ್ಳಿಯ ಸಭೆಗೆ 1799ರಿಂದ 44 ವರುಷ ಪಾಲಕರಾಗಿದ್ದ ಹೆನ್ರಿ ಡಂಕನ್ ಎಂಬವರ ಚರಿತ್ರೆಯನ್ನು ಪ್ರಿಯ ವಾಚಕರಿಗೆ ಈ ಸಾರಿ ತಿಳಿಸುತ್ತೇವೆ. ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸ್ವಲ್ಪ ಹಣವನ್ನಿಟ್ಟು ಬೇಕಾದಾಗ ತೆಗೆದುಕೊಳ್ಳುವವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಆ ಅನುಕೂಲವು ಬಡವರ ಪಾಲಿಗೆ ಹೇಗೆ ಬಂತೆಂಬದನ್ನು ಅವರು ಇದರಿಂದ ತಿಳಿಯಬಹುದು.

ಹೆನ್ರಿಯು 1774ರಲ್ಲಿ ಲಾಕ್‌ರಟನ್ ಎಂಬ ಊರಲ್ಲಿ ಹುಟ್ಟಿದನು. ಅವನ ತಂದೆಯೂ ಬೋಧಕನೇ. ಹುಡುಗನು ಸೇಂಟ್ ಆಂಡ್ರೂಸಿನ ವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ ಮೇಲೆ, ಲಿವರ್‌ಪೂಲ್ ಪಟ್ಟಣದ ಒಂದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸಕ್ಕೆ ಕಳುಹಿಸಲ್ಪಟ್ಟನು. ಅವನ ಅಣ್ಣಂದಿರು ಆ ಪಟ್ಟಣದಲ್ಲಿದ್ದರು. ಮೂರು ವರುಷ ಅಲ್ಲಿ ಲೆಕ್ಕ ಬರೆದನು. ಆದರೆ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. 1793ರಲ್ಲಿ ಆ ಕೆಲಸವನ್ನು ಬಿಟ್ಟು ದೈವಶಾಸ್ತ್ರವನ್ನು ಕಲಿಯಲು ಹೊರಟನು. ಮೂರು ವರುಷ ವ್ಯರ್ಥವಾಯಿತೆಂದು ಆಗ ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ.

ಡಂಕನ್ ಬೋಧಕರು ರತ್‌ವೆಲಿಗೆ ಬಂದಾಗ ಅಲ್ಲಿಯ ಜನರು ಬಹು ಬಡವರಾಗಿದ್ದರು. ಬೆಳೆ ಕೆಟ್ಟ ವರುಷಗಳಲ್ಲಿ ಅವರು ಲಿವರ್‌ಪೂಲಿನಿಂದ ಧಾನ್ಯವನ್ನು ತರಿಸಿ ಕೊಂಡ ಬೆಲೆಗೇ ಮಾರಿದರು. ಕೆಲಸವಿಲ್ಲದ ಹೆಂಗಸರಿಗೆ ನೂಲುವದಕ್ಕೆ ನಾರನ್ನು ಒದಗಿಸಿದರು. ಊರಲ್ಲಿ ಕ್ಷೀಣಿಸಿದ್ದ ಸಹಾಯ ಸಂಘವನ್ನೂ ಎಬ್ಬಿಸಿ ನಿಲ್ಲಿಸಿದರು. ಇಂಥ ಸಂಘದಲ್ಲಿ ಪ್ರತಿಯೊಬ್ಬನು ತಪ್ಪದೆ ಚಂದಾ ಕೊಟ್ಟರೆ, ರೋಗ ಬಂದಾಗ ಸಹಾಯ ದೊರೆಯುತ್ತಿತ್ತು. ಆದರೆ ಒಳಗೆ ಹಾಕಿದ ಹಣವನ್ನು ತನ್ನ ಇಷ್ಟದಂತೆ ಹಿಂದಕ್ಕೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಹಸುವನ್ನು ಕೊಳ್ಳಬೇಕಾದವನಿಗೆ, ಮಗಳ ಮದುವೆ ಮಾಡಬೇಕಾದವನಿಗೆ, ಅದರಿಂದ ಏನು ಪ್ರಯೋಜನ?

ಬ್ಯಾಂಕುಗಳು ಇರಲಿಲ್ಲವೆಂದಲ್ಲ. ಆದರೆ 10 ಪೌಂಡಿಗೆ ಕಡಿಮೆಯಾದ ಹಣವನ್ನು ಅವು ಮುಟ್ಟುತ್ತಿರಲಿಲ್ಲ. ಆಗಿನ ನಾಣ್ಯದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು. ವಾರಕ್ಕೆ ಆರು ಪೆನ್ನಿಯಂತೆ ಕೂಡಿಸುವವನಿಗೆ ವರುಷಕ್ಕೆ 26 ಶಿಲ್ಲಿಂಗು ಆಗುವದು. 10 ಪೌಂಡು ಆಗಲಿಕ್ಕೆ ಏಳೂವರೆ ವರುಷಕ್ಕೂ ಹೆಚ್ಚು ಬೇಕು. ಅಷ್ಟು ಕಾಲ ಆ ಹಣವು ಎಲ್ಲಿರಬೇಕು? ಪೆಟ್ಟಿಗೆಯಲ್ಲಿಟ್ಟರೆ ಕಳ್ಳನ ಭಯ, ಕೈಯಲ್ಲಿಟ್ಟುಕೊಂಡರೆ ಜಾತ್ರೆಯ ಭಯ, ನೆರೆಯವನಿಗೆ ಕೊಟ್ಟರೆ ಹಿಂದಕ್ಕೆ ಬರುವ ನಂಬಿಕೆಯಿಲ್ಲ. ಹೀಗೆ ಉಳಿಸಬೇಕೆಂಬ ಮನಸ್ಸಿದ್ದವನಿಗೂ ಸ್ಥಳವಿರಲಿಲ್ಲ. ಇಂಗ್ಲೆಂಡಿನಲ್ಲಿ ಬಡವರನ್ನು ಸಾಕುವದಕ್ಕಾಗಿ ಕಡ್ಡಾಯ ತೆರಿಗೆಯನ್ನು ಎತ್ತುತ್ತಿದ್ದರು. ಅದು ತಮ್ಮ ದೇಶಕ್ಕೂ ಬಂದರೆ ದುಡಿಯುವವನು ತನ್ನ ಮರ್ಯಾದೆಯನ್ನು ಕಳಕೊಂಡು ಕೈಚಾಚುವದನ್ನೇ ಕಲಿಯುವನೆಂದು ಡಂಕನ್ ಬೋಧಕರು ಅಂಜಿದರು.

ಇದಕ್ಕೆ ಮುಂಚೆ ಇಂಗ್ಲೆಂಡಿನ ಟಾಟನ್‌ಹ್ಯಾಮಿನಲ್ಲಿ ಪ್ರಿಸಿಲ್ಲಾ ವೇಕ್‌ಫೀಲ್ಡ್ ಎಂಬ ಸ್ತ್ರೀಯು ಬಡವರ ಹಣವನ್ನು ಕಾಯುವ ಒಂದು ಏರ್ಪಾಡನ್ನು ನಡಿಸಿದ್ದಳು. ಅದು ಒಳ್ಳೇ ಕೆಲಸವೇ. ಆದರೂ ಧನವಂತರ ಕೈಯಾಸರೆ ಅದಕ್ಕೆ ಬೇಕಾಗಿತ್ತು. ಬಡವರ ಬ್ಯಾಂಕು ಬಡವರ ಹಣದಿಂದಲೇ ತನ್ನ ಕಾಲ ಮೇಲೆ ನಿಲ್ಲಬೇಕೆಂಬದು ಡಂಕನ್ ಬೋಧಕರ ಯೋಚನೆ. ಲಿವರ್‌ಪೂಲಿನ ಲೆಕ್ಕದ ಪುಸ್ತಕಗಳು ಈಗ ಪ್ರಯೋಜನಕ್ಕೆ ಬಂದವು.

1810ನೇ ಮೇ ತಿಂಗಳಲ್ಲಿ ಸಹಾಯ ಸಂಘದ ಚಿಕ್ಕ ಮನೆಯಲ್ಲಿ ಬ್ಯಾಂಕು ತೆರೆಯಲ್ಪಟ್ಟಿತು. ಆರು ಪೆನ್ನಿ ತಂದವನನ್ನೂ ಹಿಂದಕ್ಕೆ ಕಳುಹಿಸುತ್ತಿರಲಿಲ್ಲ. ಹಣದ ಪೆಟ್ಟಿಗೆಗೆ ಮೂರು ಬೀಗಗಳು, ಮೂರು ಬೀಗದ ಕೈಗಳು ಮೂವರ ಹತ್ತಿರ. ಮೂವರೂ ಕೂಡದೆ ಪೆಟ್ಟಿಗೆಯು ತೆರೆಯದು. ಬೋಧಕನೊಬ್ಬನನ್ನೇ ನಂಬಿರೆಂದು ಅವರು ಜನರಿಗೆ ಹೇಳಲಿಲ್ಲವೆಂಬದನ್ನು ಗಮನಿಸಬೇಕು. ಕೂಡಿದ ಹಣವನ್ನು ಡಂಫ್ರೀಸ್ ಪಟ್ಟಣದಲ್ಲಿದ್ದ ಬ್ರಿಟಿಷ್ ಲಿನೆನ್ ಕಂಪನಿಯೆಂಬ ದೊಡ್ಡ ಬ್ಯಾಂಕಿನಲ್ಲಿ ಒಟ್ಟಾಗಿ ಇಡುತ್ತಿದ್ದರು. ಅಲ್ಲಿ ನೂರಕ್ಕೆ 5ರಂತೆ ಬಡ್ಡಿ ಬರುತ್ತಿತ್ತು. ಹಣವಿಟ್ಟವರಿಗೆ ಸಾಧಾರಣವಾಗಿ ನೂರಕ್ಕೆ 4. ಮೂರು ವರುಷ ಬಿಡದೆ ಇಟ್ಟವರಿಗೆ, ಮದುವೆ ಮುಪ್ಪು ಮೊದಲಾದ ಸಂದರ್ಭಗಳಲ್ಲಿ, 5. ಉಳಿದದ್ದು ಬ್ಯಾಂಕಿನ ಖರ್ಚು ಮುಂತಾದವುಗಳಿಗೆ. ಐದು ಪೌಂಡು ಇಟ್ಟವನಿಗೆ ವರುಷಕ್ಕೆ ನಾಲ್ಕು ಶಿಲ್ಲಿಂಗು ಬಡ್ಡಿ ಬಂತು. ಬಡ್ಡಿಯನ್ನು ಕೊಡುವದಷ್ಟೇ ತಿಳಿದಿದ್ದ ಕೂಲಿಯವನಿಗೆ ಬಡ್ಡಿಯನ್ನು ತಕ್ಕೊಳ್ಳುವದು ಹೊಸ ಸಂಗತಿಯಾಗಿತ್ತು. ಒಂದು ವಾರ ಮುಂಚಿತವಾಗಿ ತಿಳಿಸಿದರೆ ಇಟ್ಟ ಹಣವು ಹಿಂದಕ್ಕೆ ಸಿಕ್ಕುತ್ತಿತ್ತು.

ಮೊದಲನೇ ವರುಷ ಕೂಡಿದ್ದು 151 ಪೌಂಡು. 1814ರೊಳಗೆ ಅದು 922 ಪೌಂಡಿಗೆ ಏರಿತು. ಬಡ ಹಳ್ಳಿಯೊಂದರಲ್ಲಿ ಇಷ್ಟು ಹಣವು ಅಡಗಿತ್ತೆಂದು ಯಾರು ಎಣಿಸಿದ್ದರು?

ಆದರೂ ಅವರ ನಿಯಮಗಳೆಲ್ಲಾ ಒಂದೇ ರೀತಿಯಾಗಿ ಒಳ್ಳೇವಾಗಿದ್ದವೆಂದು ನಾವು ಹೇಳಲಾರೆವು. ಹೊಸದಾಗಿ ಬಂದವನ ವಯಸ್ಸು, ಕುಟುಂಬ, ನಡತೆ ಇವುಗಳನ್ನು ವಿಚಾರಿಸುತ್ತಿದ್ದರು. ವರುಷದಲ್ಲಿ ನಾಲ್ಕು ಶಿಲ್ಲಿಂಗನ್ನಾದರೂ ಇಡದವನಿಗೆ ಒಂದು ಶಿಲ್ಲಿಂಗು ದಂಡ. ಕಷ್ಟದ ವರುಷದಲ್ಲಿ ಉಳಿಸಲಾರದವನಿಗೆ ದಂಡವನ್ನು ಹಾಕುವದು ನಮಗೆ ಕಠಿಣವಾಗಿ ತೋರುತ್ತದೆ. ಪರಿಚಿತರೇ ಇರುವ ಹಳ್ಳಿಯಲ್ಲಿ ಇದು ಹೇಗೋ ನಡೆಯಿತು. ದೊಡ್ಡ ಪಟ್ಟಣದಲ್ಲಿ ನಡೆಯುವಂತಿರಲಿಲ್ಲ. 1813ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಸ್ಥಾಪಿತವಾದ ಉಳಿತಾಯದ ಬ್ಯಾಂಕು ಇಂಥ ಕಟ್ಟುಗಳನ್ನು ಬಿಟ್ಟು, ಇಡುವದನ್ನೂ ತೆಗೆಯುವದನ್ನೂ ಸುಲಭ ಮಾಡಿತು. ಮುಂದಣ ಬ್ಯಾಂಕುಗಳಲ್ಲಿ ಅನೇಕವು ಆ ಸರಳ ಮಾರ್ಗವನ್ನೇ ಹಿಡಿದವು.

ಡಂಕನ್ ಬೋಧಕರು 1815ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಬರೆದರು. ಕೆಲವು ವರುಷಗಳಲ್ಲಿಯೇ ಬ್ರಿಟನ್ ದೇಶದಲ್ಲಿ ಇಂಥ ಬ್ಯಾಂಕುಗಳು ನೂರಾರು ಆದವು. ಸ್ಕಾಟ್ಲೆಂಡಿನ ಬ್ಯಾಂಕುಗಳಿಗೆ ಕಾನೂನಿನ ಆಸರೆ ದೊರೆಯುವದಕ್ಕಾಗಿ ಅವರು ತಾವೇ ಲಂಡನಿಗೆ ಹೋಗಿ ಶ್ರಮಪಟ್ಟರು. 1819ರಲ್ಲಿ ಆ ಕಾನೂನು ಆಯಿತು. ಬ್ರಿಟನಿನಲ್ಲಿ 1861ರಲ್ಲಿ ಅಂಚೆ ಕಚೇರಿಗಳೇ ಬಡವರ ಹಣವನ್ನು ಸರಕಾರದ ಹೊಣೆಯ ಮೇಲೆ ತಕ್ಕೊಳ್ಳಲಾರಂಭಿಸಿದವು. 1882ರಲ್ಲಿ ಇಂಡಿಯಾ ದೇಶದ ಅಂಚೆ ಕಚೇರಿಗಳಲ್ಲಿಯೂ ಸೇವಿಂಗ್ಸ್ ಬ್ಯಾಂಕು ತೆರೆಯಲ್ಪಟ್ಟು, ಪಾಸ್‌ಬುಕ್ಕು ನಮ್ಮ ಊರುಗಳಿಗೆ ಬಂತು.

ಅವರ ಬೇರೆ ಕೆಲಸಗಳನ್ನು ವಿವರಿಸಲು ಸ್ಥಳವಿಲ್ಲ. ಒಡೆದುಹಾಕಲ್ಪಟ್ಟಿದ್ದ ಒಂದು ಪುರಾತನ ಕಲ್ಲಿನ ಶಿಲುಬೆಯ ತುಂಡುಗಳನ್ನು ಕೂಡಿಸಿ ತಮ್ಮ ತೋಟದಲ್ಲಿ ನಿಲ್ಲಿಸಿದರು. ಕಲ್ಲಿನಲ್ಲಿ ಅಚ್ಚಾಗಿದ್ದ ಪೂರ್ವಕಾಲದ ಪ್ರಾಣಿಗಳ ಹೆಜ್ಜೆಗಳ ವಿಷಯವನ್ನು 1828ರಲ್ಲಿ ವಿದ್ವಾಂಸರ ಮುಂದೆ ಇಟ್ಟರು. 1839ರಲ್ಲಿ ಸ್ಕಾಟ್ಲೆಂಡಿನ ಸಭೆಗಳ ಮಹಾಸಭೆಗೆ ಅಧ್ಯಕ್ಷರಾದರು.

1843ರಲ್ಲಿ ಆ ದೇಶದ ಸಭೆಯು ಎರಡಾಯಿತು. ಬೋಧಕರನ್ನು ನೇಮಿಸುವ ಹಕ್ಕು ಜಮೀನುದಾರರಿಗೋ ಸಭೆಯವರಿಗೋ ಎಂಬದು ಮುಖ್ಯ ವಾದ. ಸಭೆಯವರ ಪಕ್ಷವನ್ನು ಹಿಡಿದ ಡಂಕನ್ ಬೋಧಕರು ಸಂಬಳವನ್ನೂ ದೇವಾಲಯವನ್ನೂ ಮನೆಯನ್ನೂ ತಾವು ಬೆಳೆಸಿದ ತೋಟವನ್ನೂ ಬಿಟ್ಟು ಹೊರಟರು. ಆಗ ಅವರಿಗೆ 68 ವರುಷ. ಶಿಲುಬೆಯು ಆ ತೋಟದಲ್ಲಿಯೇ ಉಳಿಯಿತು. ಮೌಂಟ್ ಕೀಡರ್ ಎಂಬ ಸ್ಥಳದಲ್ಲಿ ಹೊಸ ದೇವಾಲಯವೊಂದು ಕಟ್ಟಲ್ಪಟ್ಟಿತು. 1846ನೇ ಫೆಬ್ರವರಿಯಲ್ಲಿ ಅವರು ಒಂದು ಕೂಟದಲ್ಲಿ ಬೋಧಿಸುತ್ತಿರುವಾಗಲೇ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಕೆಲವು ದಿವಸಗಳಲ್ಲಿ ಪ್ರಾಣವನ್ನು ಬಿಟ್ಟರು.